ಬೆದೆಗೆ ಸ್ವಿಚ್ ಇಲ್ಲ: ಹೆಣ್ಣು ಪ್ರಾಣಿಯ ಮಿದುಳು ತೀರ್ಮಾನ ಮಾಡುವ ಬಗೆ

ಪ್ರಯೋಗಾಲಯದಲ್ಲಿ ಒಂದು ಪೆಟ್ಟಿಗೆ. ನಡುವೆ ಅಡ್ಡಗೋಡೆ, ಗೋಡೆಯ ಬುಡದಲ್ಲಿ ಸಣ್ಣ ಕಿಂಡಿ. ಒಂದು ಕಡೆ ಗಂಡಿಲಿ, ಇನ್ನೊಂದು ಕಡೆ ಹೆಣ್ಣಿಲಿ. ಹೆಣ್ಣಿನ ಮೈ ಚಿಕ್ಕದು, ಕಿಂಡಿಯಲ್ಲಿ ಸಲೀಸಾಗಿ ನುಸುಳುತ್ತದೆ. ಗಂಡಿನ ಮೈ ದಪ್ಪ, ಅದಕ್ಕೆ ಆಗಲ್ಲ. ಹಾಗಾಗಿ ಯಾವಾಗ ಹೋಗುವುದು, ಎಷ್ಟು ಹೊತ್ತು ಇರುವುದು, ಯಾವಾಗ ವಾಪಸ್ ಬರುವುದು ಎಲ್ಲವೂ ಹೆಣ್ಣಿನ ಇಷ್ಟ.

ಬೆದೆಗೆ ಬಂದ ಹೆಣ್ಣಿಲಿ ಇಲ್ಲಿ ಸುಮ್ನೆ ಕೂರುವುದಿಲ್ಲ. ಕಿಂಡಿ ದಾಟಿ ಗಂಡಿನ ಹತ್ತಿರ ಹೋಗುತ್ತದೆ. ಅದರ ಮುಂದೆ ನಿಂತು ಥಟ್ಟನೆ ತಿರುಗಿ ಓಡುತ್ತದೆ. ನಾಲ್ಕು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ, ಕಿವಿಗಳು ಪಟಪಟ ಅದುರುತ್ತವೆ. ಗಂಡು ಹಿಂದೆ ಬಂದರೆ ಸರಿ, ಬರದಿದ್ದರೆ ಮತ್ತೆ ಹೋಗಿ ಕೆಣಕುತ್ತದೆ. ಕೂಡಿದ ಮೇಲೆ ತನ್ನ ಕೋಣೆಗೆ ವಾಪಸ್. ಗಂಡು ಬರೀ ಮೇಲೆ ಹತ್ತಿ ಇಳಿದಿದ್ದರೆ ಬೇಗ ಮರಳುತ್ತದೆ. ವೀರ್ಯ ಬಿಟ್ಟಿದ್ದರೆ ಜಾಸ್ತಿ ಹೊತ್ತು ತನ್ನ ಪಾಡಿಗೆ ತಾನಿರುತ್ತದೆ.

ಈಗ ಅಡ್ಡಗೋಡೆ ತೆಗೆದು, ಅದೇ ಜೋಡಿಯನ್ನು ಒಂದು ಚಿಕ್ಕ ಪಂಜರಕ್ಕೆ ಹಾಕಿ. ಓಡಲು ಜಾಗವಿಲ್ಲ, ತಪ್ಪಿಸಿಕೊಳ್ಳಲು ಮೂಲೆಯಿಲ್ಲ. ಗಂಡು ಹತ್ತುತ್ತದೆ. ಹೆಣ್ಣು ಬೆನ್ನು ಕೆಳಗೆ ಬಾಗಿಸಿ, ಹಿಂಭಾಗ ಎತ್ತಿ, ಬಾಲ ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಈ ಭಂಗಿಗೆ ಲಾರ್ಡೋಸಿಸ್ ಎನ್ನುತ್ತಾರೆ. ದಶಕಗಳ ಕಾಲ ಸಂಶೋಧಕರು ಎಣಿಸಿದ್ದು ಮುಖ್ಯವಾಗಿ ಇದನ್ನೇ. ಗಂಡು ಹತ್ತು ಸಲ ಹತ್ತಿದರೆ ಹೆಣ್ಣು ಎಷ್ಟು ಸಲ ಬೆನ್ನು ಬಾಗಿಸಿತು? ಅಷ್ಟೇ ಲೆಕ್ಕ. ಅದರಿಂದ ಹುಟ್ಟಿದ ಚಿತ್ರವೂ ಅಷ್ಟೇ: ಗಂಡು ಮಾಡುತ್ತದೆ, ಹೆಣ್ಣು ಒಪ್ಪುತ್ತದೆ ಇಲ್ಲವೇ ಒಪ್ಪುವುದಿಲ್ಲ. ಪಂಜರ ಹಾಗೆ ಕಟ್ಟಿದ್ದರಿಂದ ಹಾಗೆ ಕಂಡಿತು, ಅಲ್ವಾ?

ಅಮೆರಿಕದ ಮನೋವಿಜ್ಞಾನಿ ಫ್ರಾಂಕ್ ಬೀಚ್ 1976ರಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟರು. ಹೆಣ್ಣಿನ ವರ್ತನೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ ಎಂದರು. ಗಂಡನ್ನು ಸೆಳೆಯುವ ಗುಣ ಒಂದು. ತಾನಾಗಿ ಮುಂದಾಗುವುದು ಎರಡನೆಯದು. ಗಂಡು ಬಂದಾಗ ಕೂಡಲು ಬಿಡುವುದು ಮೂರನೆಯದು. ಎಣಿಕೆಯಲ್ಲಿ ಸಿಕ್ಕಿದ್ದು ಮೂರನೆಯದು ಮಾತ್ರ. ಮುಂದೆ ಮಾರ್ತಾ ಮೆಕ್‌ಕ್ಲಿಂಟಾಕ್ ಇಲಿಗಳನ್ನು ವಿಶಾಲವಾದ ಜಾಗದಲ್ಲಿ, ಗುಂಪಿನಲ್ಲಿ ಬಿಟ್ಟು ನೋಡಿದಾಗ ಕೂಡುವಿಕೆಯ ಗತಿಯನ್ನು ಬಹುಪಾಲು ನಡೆಸುವುದು ಹೆಣ್ಣೇ ಎಂದು ಗೊತ್ತಾಯಿತು. ಮೆಕ್ಸಿಕೋದ ರೌಲ್ ಪರೆದೆಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಿಂಡಿ ಇರುವ ಪೆಟ್ಟಿಗೆಯಲ್ಲಿ ಕೂಡಿದ ಹೆಣ್ಣಿಲಿ, ಆ ಅನುಭವದ ಜತೆ ನಂಟಾದ ಜಾಗವನ್ನು ಆಮೇಲೆ ತಾನಾಗಿ ಹುಡುಕಿ ಹೋಗುತ್ತದೆ. ಗತಿ ತನ್ನ ಕೈಲಿ ಇಲ್ಲದಾಗ ಹಾಗೆ ಹೋಗುವುದಿಲ್ಲ. ಮಿದುಳಿನಲ್ಲೇ ಹುಟ್ಟಿ ಹಿತ ಕೊಡುವ ಓಪಿಯಾಯ್ಡ್‌ಗಳಿಗೆ ತಡೆ ಹಾಕುವ ನಲೊಕ್ಸೋನ್ ಕೊಟ್ಟರೆ ಆ ಸೆಳೆತವೂ ಮಾಯ. ಅಂದರೆ ಇಲಿಗೆ ಹಿತ ಕೊಟ್ಟದ್ದು ಬರೀ ಕೂಡುವಿಕೆಯಲ್ಲ, ಅದನ್ನು ತಾನು ನಡೆಸಿದ್ದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಈಚಿನ ವರ್ಷಗಳಲ್ಲಿ ‘ಹೆಣ್ಣಿನ ಬಯಕೆಯ ಸ್ವಿಚ್ ಸಿಕ್ಕಿತು’ ಎಂಬ ಧಾಟಿಯ ಸುದ್ದಿಗಳು ಆಗಾಗ ಬರುತ್ತವೆ. ಹಿಂದಿರುವ ಪ್ರಯೋಗಗಳು ನಿಜ, ಬಹಳ ಚೆನ್ನಾಗಿಯೂ ಇವೆ. ಆದರೆ ಅವು ತೋರಿಸುವುದು ಸ್ವಿಚ್ಚನ್ನಲ್ಲ. ಹಾರ್ಮೋನು ಹೆಣ್ಣಿಗೆ ಆಜ್ಞೆ ಮಾಡುವುದಿಲ್ಲ. ಯಾವ ವಾಸನೆ ಒಳಗೆ ಬರಬೇಕು, ಯಾವ ನರಕೋಶ ಯಾವುದರ ಜತೆ ಮಾತಾಡಬೇಕು, ಒಂದು ಸ್ಥಿತಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಬದಲಿಸುತ್ತದೆ. ಆಮೇಲಿನ ತೀರ್ಮಾನ ಎದುರಿಗಿರುವ ಗಂಡನ್ನೂ, ಜಾಗವನ್ನೂ, ಹಿಂದಿನ ಅನುಭವವನ್ನೂ ನೋಡಿಕೊಂಡು ಆಗುತ್ತದೆ.

ಹಾರ್ಮೋನಿನ ಕಥೆ ಹಳೆಯದು. 1936ರಲ್ಲಿ ಡೆಂಪ್ಸಿ, ಹರ್ಟ್ಜ್ ಮತ್ತು ಯಂಗ್ ಎಂಬ ಮೂವರು ಅಂಡಾಶಯ ತೆಗೆದ ಗಿನಿ ಪಿಗ್‌ಗಳಲ್ಲಿ ಬೆದೆ ಬರಿಸಿದರು. ಅಂಡಾಶಯ ಸುರಿಸುವ ಎರಡು ಹಾರ್ಮೋನುಗಳನ್ನು ಹೊರಗಿನಿಂದ ಕೊಟ್ಟರು: ಮೊದಲು ಈಸ್ಟ್ರೋಜನ್, ಆಮೇಲೆ ಪ್ರೊಜೆಸ್ಟರಾನ್. ಇಲಿಯಲ್ಲೂ ಇದೇ ಕ್ರಮ. ಸುಮಾರು ಎರಡು ದಿನ ಮೊದಲು ಈಸ್ಟ್ರೋಜನ್ ಕೊಟ್ಟು, ಪರೀಕ್ಷೆಗೆ ಕೆಲವು ಗಂಟೆ ಇರುವಾಗ ಪ್ರೊಜೆಸ್ಟರಾನ್ ಕೊಡುತ್ತಾರೆ. ಕಾರಣ ಸರಳ. ಪ್ರೊಜೆಸ್ಟರಾನ್ ಕೆಲಸ ಮಾಡಬೇಕಾದರೆ ನರಕೋಶದಲ್ಲಿ ಅದನ್ನು ಹಿಡಿಯುವ ಗ್ರಾಹಕಗಳು ಬೇಕು. ಆ ಗ್ರಾಹಕಗಳನ್ನು ತಯಾರಿಸಿಡುವುದೇ ಈಸ್ಟ್ರೋಜನ್. ಅದಕ್ಕೇ ಎರಡು ದಿನದ ಅವಕಾಶ. ಸಹಜ ಜೀವನದಲ್ಲಿ ಇಲಿಗೆ ನಾಲ್ಕೈದು ದಿನಕ್ಕೊಮ್ಮೆ ಈ ಚಕ್ರ ತಿರುಗುತ್ತದೆ. ಅದರಲ್ಲಿ ಒಂದು ರಾತ್ರಿಯ ಆಸುಪಾಸು ಮಾತ್ರ ಬೆದೆ.

ಹಸು, ಕುರಿಗಳಲ್ಲಿ ಇದೇ ಎರಡು ಹಾರ್ಮೋನುಗಳು, ಆದರೆ ಕ್ರಮ ಉಲ್ಟಾ. ಅಲ್ಲಿ ಮೊದಲು ಪ್ರೊಜೆಸ್ಟರಾನ್ ಕೆಲವು ದಿನ ಇದ್ದು ಇಳಿಯಬೇಕು. ಆಮೇಲೆ ಈಸ್ಟ್ರೋಜನ್ ಏರಬೇಕು. ಆಗಲೇ ಬೆದೆ ಚೆನ್ನಾಗಿ ಕಾಣಿಸುವುದು. ತಂಪು ದೇಶದ ಕುರಿಗಳು ವರ್ಷದ ಒಂದು ಕಾಲದಲ್ಲಿ ಮಾತ್ರ ಗಬ್ಬ ಕಟ್ಟಲು ಸಿದ್ಧವಾಗುತ್ತವೆ. ಆ ಕಾಲದ ಮೊದಲ ಅಂಡ ಬಿಡುಗಡೆ ಸಾಮಾನ್ಯವಾಗಿ ಸದ್ದಿಲ್ಲದೆ ಆಗಿಹೋಗುತ್ತದೆ. ಅಂಡ ಬಂತು, ಟಗರಿನ ಕಡೆ ಕುರಿ ತಿರುಗಿಯೂ ನೋಡಲಿಲ್ಲ. ಏಕೆಂದರೆ ಅದಕ್ಕೆ ಮುಂಚೆ ಪ್ರೊಜೆಸ್ಟರಾನ್ ಇರಲಿಲ್ಲ. ಅಂಡಾಶಯ ತನ್ನ ಕೆಲಸ ಮುಗಿಸಿತು, ಮಿದುಳು ಸಿದ್ಧವಾಗಿರಲಿಲ್ಲ.

ಹೈನುಗಾರಿಕೆ ಮಾಡುವವರಿಗೆ ಇದು ಪುಸ್ತಕದ ವಿಷಯವಲ್ಲ, ದುಡ್ಡಿನ ವಿಷಯ. ಕರು ಹಾಕಿದ ಮೇಲೆ ಹಸುವಿನ ಮೊದಲ ಅಂಡ ಬಿಡುಗಡೆ ಎಷ್ಟೋ ಸಲ ಹೀಗೇ ಮೂಕ ಬೆದೆಯಲ್ಲಿ ಕಳೆದುಹೋಗುತ್ತದೆ. ಎಮ್ಮೆಗಳಲ್ಲಂತೂ ಮೂಕ ಬೆದೆ ದೊಡ್ಡ ತಲೆನೋವು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಹಸು ಬೆದೆಗೆ ಬಂದರೆ ಕೂಗುತ್ತದೆ, ಮೇವು ಬಿಡುತ್ತದೆ, ಬೇರೆ ಹಸುಗಳ ಮೇಲೆ ಹತ್ತುತ್ತದೆ, ಗಾಜಿನಂಥ ಲೋಳೆ ಸುರಿಸುತ್ತದೆ. ಎಮ್ಮೆ ಇಷ್ಟೆಲ್ಲ ಗದ್ದಲ ಮಾಡುವುದಿಲ್ಲ. ಬೆದೆ ಇರುವುದೇ 12ರಿಂದ 18 ಗಂಟೆ, ಅದೂ ರಾತ್ರಿ ಹೊತ್ತು ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಸಲ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಅಷ್ಟೂ ದಿನ ಮೇವು, ಹಿಂಡಿ ದಂಡ. ‘ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ)’ ಎಂದು ಪಶುವೈದ್ಯರು ಹೇಳುವ ಸೂತ್ರ ನಿಂತಿರುವುದೂ ಈ ಸಮಯದ ಲೆಕ್ಕದ ಮೇಲೆಯೇ. ಹಸುವಿನಲ್ಲಿ ಅಂಡ ಹೊರಬರುವುದು ಬೆದೆ ಮುಗಿದು ಸುಮಾರು 10–12 ಗಂಟೆ ಆದ ಮೇಲೆ.

ಬೆದೆಗೆ ಬಾರದ ರಾಸುಗಳಿಗೆ ಪ್ರೊಜೆಸ್ಟರಾನ್ ತುಂಬಿದ ಚಿಕ್ಕ ಸಾಧನವನ್ನು ಯೋನಿಯೊಳಗೆ ಇಟ್ಟು, ಒಂದು ವಾರದ ನಂತರ ತೆಗೆಯುವ ಚಿಕಿತ್ಸೆ ಇದೆಯಲ್ಲ, ಅದು ಮಾಡುವುದೂ ಇಷ್ಟೇ. ಹಾರ್ಮೋನು ಇಡುವುದಕ್ಕಿಂತ ತೆಗೆಯುವುದು ಮುಖ್ಯ. ಇದ್ದು ಇಳಿದ ಪ್ರೊಜೆಸ್ಟರಾನ್ ಮಿದುಳನ್ನು ಈಸ್ಟ್ರೋಜನ್‌ಗೆ ಸಿದ್ಧ ಮಾಡುತ್ತದೆ. ಮೂಕ ಬೆದೆಗೆಲ್ಲ ಇದೊಂದೇ ಕಾರಣ ಅಂತಲ್ಲ. ಮೇವಿನ ಕೊರತೆ, ಬಿಸಿಲು, ಖನಿಜದ ಕೊರತೆ ಎಲ್ಲವೂ ಸೇರುತ್ತವೆ.

ಈಗ ಮಿದುಳಿನ ಒಳಗೆ ಹೋಗೋಣ. 1960ರ ದಶಕದ ಕೊನೆಯಿಂದ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಡೊನಾಲ್ಡ್ ಫಾಫ್ ಲಾರ್ಡೋಸಿಸ್‌ನ ಇಡೀ ದಾರಿಯನ್ನು ಬಿಡಿಸುತ್ತಾ ಹೋದರು. ವಿಕಿರಣ ಹೊಮ್ಮಿಸುವ ಈಸ್ಟ್ರೋಜನ್ ಕೊಟ್ಟು, ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಸೇರುತ್ತದೆ ಎಂದು ನೋಡಿದರು. ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್‌ನ ಕೆಲವು ತಾಣಗಳಲ್ಲಿ ಅದು ಗುಂಪುಗೂಡಿತ್ತು. ಅವುಗಳಲ್ಲಿ ಒಂದಕ್ಕೆ ಚಿಕ್ಕದಾಗಿ ವಿಎಂಎಚ್ ಎನ್ನುತ್ತಾರೆ. ಗಂಡು ಹೆಣ್ಣಿನ ಪಕ್ಕೆ, ಸೊಂಟವನ್ನು ಒತ್ತಿದಾಗ ಆ ಸ್ಪರ್ಶ ಬೆನ್ನುಹುರಿಯ ಮೂಲಕ ಮೇಲೆ ಹೋಗುತ್ತದೆ, ಬೆನ್ನಿನ ಸ್ನಾಯುಗಳಿಗೆ ಆದೇಶ ಕೆಳಗೆ ಬರುತ್ತದೆ. ವಿಎಂಎಚ್ ಈ ದಾರಿಯ ಮೇಲ್ತುದಿಯಲ್ಲಿ ಕೂತು ನಡುಮಿದುಳಿಗೆ ಅನುಮತಿ ಕೊಡುತ್ತದೆ. ಹಾರ್ಮೋನು ಇಲ್ಲದಿದ್ದರೆ ಅದೇ ಸ್ಪರ್ಶಕ್ಕೆ ಹೆಣ್ಣಿಲಿ ತಿರುಗಿ ಒದೆಯುತ್ತದೆ. ಸಸ್ತನಿಗಳ ಒಂದು ಇಡೀ ವರ್ತನೆಯನ್ನು ಚರ್ಮದಿಂದ ಮಿದುಳಿನವರೆಗೆ, ಅಲ್ಲಿಂದ ಸ್ನಾಯುವಿನವರೆಗೆ ಹೀಗೆ ಜಾಡು ಹಿಡಿದದ್ದು ಆ ಕಾಲಕ್ಕೆ ದೊಡ್ಡ ಸಾಧನೆ.

ವಿಎಂಎಚ್‌ನ ಹೊರ ಅಂಚಿನ ಭಾಗ ವಿಚಿತ್ರವಾದದ್ದು. 2011ರಲ್ಲಿ ದಾಯು ಲಿನ್, ಡೇವಿಡ್ ಆಂಡರ್ಸನ್ ಮತ್ತು ಜತೆಗಾರರು ಗಂಡು ಚಿಟ್ಟಿಲಿಗಳಲ್ಲಿ ಈ ಭಾಗವನ್ನು ಬೆಳಕಿನಿಂದ ಚುರುಕುಗೊಳಿಸಿದಾಗ ಅವು ದಾಳಿಗೆ ಇಳಿದವು. ಎದುರಿಗೆ ಗಾಳಿ ತುಂಬಿದ ಕೈಗವಸು ಇಟ್ಟರೆ ಅದರ ಮೇಲೂ ಎರಗಿದವು! ಹೆಣ್ಣಿನಲ್ಲಿ ಅದೇ ಜಾಗ ಕೂಡುವಿಕೆಗೂ ಬೇಕು, ಮರಿಗಳನ್ನು ಕಾಯುವ ತಾಯಿಯ ಜಗಳಕ್ಕೂ ಬೇಕು. ಒಂದೇ ಜಾಗ ಎರಡು ವಿರುದ್ಧ ಕೆಲಸ ಹೇಗೆ ಮಾಡುತ್ತದೆ? 2022ರಲ್ಲಿ ಆಂಡರ್ಸನ್ ಅವರ ಕ್ಯಾಲ್‌ಟೆಕ್ ತಂಡ ಉತ್ತರ ಕೊಟ್ಟಿತು. ಅಲ್ಲಿ ಎರಡು ಬಗೆಯ ನರಕೋಶಗಳು ಬೆರೆತು ಕೂತಿವೆ. ಒಂದು ಬಗೆ ಕೂಡುವಿಕೆಗೆ, ಇನ್ನೊಂದು ಜಗಳಕ್ಕೆ. ಮರಿ ಹಾಕದ ಹೆಣ್ಣಿನಲ್ಲಿ ಮೊದಲನೆಯದರ ಮಾತು ನಡೆಯುತ್ತದೆ, ಹಾಲೂಡುವ ತಾಯಿಯಲ್ಲಿ ಎರಡನೆಯದರದು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಕೆಲಸ ಬಂದದ್ದು 2019ರಲ್ಲಿ, ಸ್ಟ್ಯಾನ್‌ಫರ್ಡಿನ ನಿರಾವ್ ಶಾ ಅವರ ತಂಡದಿಂದ. ವಿಎಂಎಚ್‌ನಲ್ಲಿ ಪ್ರೊಜೆಸ್ಟರಾನ್ ಗ್ರಾಹಕ ಇರುವ ನರಕೋಶಗಳನ್ನೇ ಆರಿಸಿ ತಣ್ಣಗಾಗಿಸಿದರೆ, ಬೆದೆಯಲ್ಲಿರುವ ಹೆಣ್ಣು ಚಿಟ್ಟಿಲಿಯೂ ಗಂಡನ್ನು ದೂರ ತಳ್ಳುತ್ತದೆ. ಅಷ್ಟು ಊಹಿಸಬಹುದಾಗಿತ್ತು. ಊಹಿಸದೇ ಇದ್ದದ್ದು ಮುಂದಿನದು. ಈ ನರಕೋಶಗಳು ಹೈಪೊಥಾಲಮಸ್‌ನ ಮುಂಭಾಗದ ಇನ್ನೊಂದು ತಾಣಕ್ಕೆ ತಂತು ಚಾಚುತ್ತವೆ. ಬೆದೆಯ ದಿನ ಅಲ್ಲಿ ಆ ತಂತುಗಳ ತುದಿಗಳು ಸುಮಾರು ಮೂರು ಪಟ್ಟು ಹೆಚ್ಚಾಗುತ್ತವೆ. ಬೆದೆ ಇಳಿದ ಮೇಲೆ ಕಡಿಮೆಯಾಗುತ್ತವೆ. ಇದನ್ನು ಮಾಡಿಸುವುದು ಈಸ್ಟ್ರೋಜನ್. ಬೆಳೆದ ಪ್ರಾಣಿಯ ಮಿದುಳಿನ ತಂತಿಜಾಲ ನಾಲ್ಕೈದು ದಿನಕ್ಕೊಮ್ಮೆ ಕಟ್ಟಿಕೊಂಡು, ಕಳಚಿಕೊಂಡು, ಮತ್ತೆ ಕಟ್ಟಿಕೊಳ್ಳುತ್ತದೆ. ಹಾರ್ಮೋನು ಅಂದರೆ ರಕ್ತದಲ್ಲಿ ಹರಿಯುವ ಒಂದು ಸಂದೇಶ ಅಷ್ಟೇ ಎಂದುಕೊಂಡಿದ್ದವರಿಗೆ ಇದು ಬೇರೆಯೇ ಚಿತ್ರ.

2024ರಲ್ಲಿ ಆಂಡರ್ಸನ್ ತಂಡ ಕೂಡುವಿಕೆಯ ನರಕೋಶಗಳ ಚಟುವಟಿಕೆಯನ್ನು, ಹೆಣ್ಣು ಗಂಡಿನ ಜತೆ ಇರುವಾಗಲೇ ದಾಖಲಿಸಿತು. ಗಂಡು ಹತ್ತಿರ ಬಂದು ಮುಟ್ಟಿದಂತೆಲ್ಲ ಚಟುವಟಿಕೆ ಮೆಲ್ಲಗೆ ಏರುತ್ತದೆ. ಗಂಡು ಸ್ವಲ್ಪ ಹೊತ್ತು ದೂರ ಹೋದರೂ ಕುಸಿಯುವುದಿಲ್ಲ, ಏರಿದಷ್ಟರಲ್ಲೇ ನಿಲ್ಲುತ್ತದೆ. ಇದು ಒತ್ತಿದರೆ ಹೊತ್ತುವ ಸ್ವಿಚ್ಚಿಗಿಂತ, ತಿರುಗಿಸಿದಲ್ಲೇ ನಿಲ್ಲುವ ಫ್ಯಾನ್ ರೆಗ್ಯುಲೇಟರಿಗೆ ಹತ್ತಿರ. ಅದೇ ಹೆಣ್ಣಿಲಿಯನ್ನು ಬೆದೆ ಇಲ್ಲದ ದಿನ ನೋಡಿದರೆ ಈ ನಿಲ್ಲುವ ಗುಣವೇ ಇರುವುದಿಲ್ಲ. ಅವೇ ನರಕೋಶಗಳು, ಅದೇ ಪ್ರಾಣಿ. ಅನುಭವವನ್ನು ಕೂಡಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮಾತ್ರ ಹಾರ್ಮೋನಿನ ಜತೆ ಬಂದು ಹೋಗುತ್ತದೆ.

ಮಿದುಳು ತಲುಪುವ ಮೊದಲೇ ಒಂದು ತಡೆ ಇದೆ, ಮೂಗಿನಲ್ಲಿ. ಗಂಡು ಇಲಿಯ ಮೂತ್ರದಲ್ಲಿ, ಕಣ್ಣೀರಿನಲ್ಲಿ ಹೆಣ್ಣನ್ನು ಸೆಳೆಯುವ ಪ್ರೋಟೀನುಗಳಿವೆ. ಅವನ್ನು ಗ್ರಹಿಸಲು ಮೂಗಿನೊಳಗೆ ಬೇರೆಯೇ ಅಂಗವಿದೆ. 2015ರಲ್ಲಿ ಲೀಸಾ ಸ್ಟವರ್ಸ್ ಅವರ ತಂಡ ತೋರಿಸಿದ್ದು ಇದು: ಬೆದೆ ಇಲ್ಲದ ದಿನಗಳಲ್ಲಿ ಪ್ರೊಜೆಸ್ಟರಾನ್ ಈ ಅಂಗದ ನರಕೋಶಗಳನ್ನೇ ಸುಮ್ಮನಾಗಿಸುತ್ತದೆ. ಗಂಡಿನ ವಾಸನೆ ಮಿದುಳಿಗೆ ಹೋಗುವುದೇ ಇಲ್ಲ. ಆದರೆ ಅದೇ ಅಂಗ ಬೆಕ್ಕಿನ ವಾಸನೆಯನ್ನು ಎಂದಿನಂತೆ ಹಿಡಿಯುತ್ತದೆ. ಗಂಡನ್ನು ಕಡೆಗಣಿಸಬಹುದು, ಬೆಕ್ಕನ್ನು ಆಗಲ್ಲ. ಅಂದರೆ ಆ ದಿನ ಹೆಣ್ಣು ಗಂಡನ್ನು ‘ಬೇಡ’ ಎನ್ನುತ್ತಿಲ್ಲ. ಬೇಕೋ ಬೇಡವೋ ಎಂಬ ಪ್ರಶ್ನೆಯೇ ಎದ್ದಿರುವುದಿಲ್ಲ.

ಮೇಲಿನ ತುದಿಯಲ್ಲಿ, ಹಣೆಯ ಹಿಂದಿನ ಮಿದುಳಿನಲ್ಲೂ ಒಂದು ಕೊಂಡಿಯಿದೆ. 2014ರಲ್ಲಿ ಮಿಹೊ ನಕಜಿಮಾ, ನಥಾನಿಯಲ್ ಹೈಂಟ್ಜ್ ಮತ್ತು ಜತೆಗಾರರು ಅಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನಿಗೆ ಸ್ಪಂದಿಸುವ ಒಂದು ಚಿಕ್ಕ ಗುಂಪಿನ ನರಕೋಶಗಳನ್ನು ತಡೆದರು. ಬೆದೆಯಲ್ಲಿದ್ದ ಹೆಣ್ಣು ಚಿಟ್ಟಿಲಿಗಳಿಗೆ ಗಂಡಿನ ಮೇಲಿದ್ದ ಆಸಕ್ತಿ ಹೋಯಿತು. ಬೆದೆಯಲ್ಲಿ ಇಲ್ಲದವುಗಳ ನಡವಳಿಕೆ ಮೊದಲಿನಂತೆಯೇ ಇತ್ತು.

ಹಾಗಂತ ಇಲಿಯ ನಿಯಮವನ್ನೇ ಎಲ್ಲ ಪ್ರಾಣಿಗಳಿಗೂ ಹಚ್ಚಲಾಗದು. ನಮ್ಮ ಮನೆಗಳಲ್ಲಿ ರಾತ್ರಿ ಗೋಡೆಯಂಚಿನಲ್ಲಿ ಚಿಕ್ ಚಿಕ್ ಎನ್ನುತ್ತಾ ಓಡುವ, ನಾತ ಬೀರುವ ಉದ್ದ ಮೂತಿಯ ಮೂಗಿಲಿಯನ್ನೇ ತೆಗೆದುಕೊಳ್ಳಿ. ಅದು ಇಲಿಯ ಜಾತಿಯೇ ಅಲ್ಲ, ಹುಳ ತಿನ್ನುವ ಪ್ರಾಣಿ. ಎಮಿಲಿ ರಿಸ್ಮನ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಹೆಣ್ಣು ಮೂಗಿಲಿಗೆ ನಿಯಮಿತ ಬೆದೆಯ ಚಕ್ರವಿಲ್ಲ. ಕೂಡಿದ ಮೇಲೆಯೇ ಅಂಡ ಬಿಡುಗಡೆ. ಕೂಡುವ ಮನಸ್ಸಿಗೆ ಬೇಕಾದದ್ದು ‘ಗಂಡು ಹಾರ್ಮೋನು’ ಎಂದು ಹೆಸರಾದ ಟೆಸ್ಟೊಸ್ಟೆರಾನ್. ಅದನ್ನು ಮಿದುಳು ತನ್ನೊಳಗೇ ಈಸ್ಟ್ರೋಜನ್ ಆಗಿ ಬದಲಿಸಿಕೊಳ್ಳುತ್ತದೆ. ಬೆಕ್ಕು, ಮೊಲ, ಒಂಟೆಗಳಲ್ಲೂ ಕೂಡಿದ ಮೇಲೆಯೇ ಅಂಡ ಹೊರಬರುತ್ತದೆ.

ಹಣ್ಣಿನ ನೊಣದಲ್ಲಿ ಇದೇ ಲೆಕ್ಕಾಚಾರ ಬೆರಳೆಣಿಕೆಯ ನರಕೋಶಗಳಲ್ಲಿ ಮುಗಿಯುತ್ತದೆ. ಗಂಡು ನೊಣ ಒಂದು ರೆಕ್ಕೆ ಚಾಚಿ ಅದುರಿಸಿ ಹಾಡುತ್ತದೆ. ತನ್ನ ಜಾತಿಯ ಹಾಡೇ ಹೌದಾ ಎಂದು ಹೇಳುವ ನರಕೋಶಗಳು ಒಂದು ಕಡೆ, ತಾನು ಈಗಾಗಲೇ ಕೂಡಿದ್ದೇನಾ ಎಂದು ಹೇಳುವವು ಇನ್ನೊಂದು ಕಡೆ. 2020ರಲ್ಲಿ ಸಿಕ್ಕ ಮಿದುಳಿನಿಂದ ಕೆಳಗೆ ಆದೇಶ ಒಯ್ಯುವ ಒಂದು ಜೋಡಿ ನರಕೋಶಗಳು ಇವೆರಡನ್ನೂ ಕೇಳಿಸಿಕೊಂಡು ಹೆಣ್ಣಿನ ಯೋನಿಯ ಬಾಗಿಲು ತೆರೆಸುತ್ತವೆ. ಒಮ್ಮೆ ಕೂಡಿದ ಮೇಲೆ ಗಂಡಿನ ವೀರ್ಯದ ಜತೆ ಬಂದ 36 ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡ್ ಸುಮಾರು ಒಂದು ವಾರ ಹೆಣ್ಣು ಬೇರೆ ಗಂಡುಗಳನ್ನು ಒದ್ದು ಓಡಿಸುವಂತೆ ಮಾಡುತ್ತದೆ. ಹೆಣ್ಣಿನ ತೀರ್ಮಾನದಲ್ಲಿ ಗಂಡೂ ಕೈಯಾಡಿಸುವ ದಾರಿ ಇದು.

ಇಷ್ಟೆಲ್ಲ ತಡವಾಗಿ ಗೊತ್ತಾಗಲು ಒಂದು ಕಾರಣ ತೀರಾ ಸಪ್ಪೆಯದು: ಹೆಣ್ಣು ಪ್ರಾಣಿಗಳನ್ನು ಬಳಸುತ್ತಲೇ ಇರಲಿಲ್ಲ. 2011ರಲ್ಲಿ ಬೀರಿ ಮತ್ತು ಝುಕರ್ ಲೆಕ್ಕ ಹಾಕಿದಾಗ, ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿ ಬಳಸಿದ ಅಧ್ಯಯನಗಳ ಪೈಕಿ ಹೆಣ್ಣಿನ ಒಂದಕ್ಕೆ ಗಂಡಿನವು 5.5 ಇದ್ದವು. ಹೆಣ್ಣಿನ ಚಕ್ರದಿಂದ ಅಂಕಿಗಳು ಏರುಪೇರಾಗುತ್ತವೆ ಎಂಬುದು ನೆಪ. 2014ರಲ್ಲಿ ಚಿಟ್ಟಿಲಿಗಳ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಣ್ಣಿನಲ್ಲಿ ಏರುಪೇರು ಗಂಡಿಗಿಂತ ಜಾಸ್ತಿಯೇನೂ ಇರಲಿಲ್ಲ. ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಎನ್‌ಐಎಚ್ 2016ರಿಂದ ಲಿಂಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ನಿಯಮ ತಂದಿತು.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಇದರಲ್ಲಿ ಮನುಷ್ಯರಿಗೆ ಏನು? ಇಲ್ಲಿ ನಿಧಾನಿಸಬೇಕು. ಹಾರ್ಮೋನು ಇಲ್ಲದೆ ಹೆಣ್ಣಿಲಿ ಕೂಡುವುದೇ ಇಲ್ಲ. ಕೋತಿಗಳಲ್ಲಿ, ಮನುಷ್ಯರಲ್ಲಿ ಆ ಕಟ್ಟು ಸಡಿಲವಾಗಿದೆ. ಯಾವ ದಿನ ಬೇಕಾದರೂ ಕೂಡಲು ಸಾಧ್ಯ, ಹಾರ್ಮೋನು ಬದಲಿಸುವುದು ಬಯಕೆಯ ಏರಿಳಿತವನ್ನು. ಕಿಮ್ ವಾಲನ್ ರೀಸಸ್ ಕೋತಿಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಚಿಕ್ಕ ಪಂಜರದಲ್ಲಿ ಒಂದು ಜೋಡಿ ಇಟ್ಟರೆ ತಿಂಗಳ ಯಾವ ದಿನವಾದರೂ ಕೂಡುತ್ತವೆ, ಹಾರ್ಮೋನಿಗೆ ಬೆಲೆಯೇ ಇಲ್ಲವೇನೋ ಅನ್ನಿಸುತ್ತದೆ. ಅವೇ ಕೋತಿಗಳನ್ನು ದೊಡ್ಡ ಗುಂಪಿನಲ್ಲಿ ಬಯಲಿಗೆ ಬಿಟ್ಟರೆ, ಹೆಣ್ಣು ತಾನಾಗಿ ಗಂಡಿನ ಹತ್ತಿರ ಹೋಗುವುದು ಅಂಡ ಬಿಡುಗಡೆಯ ಆಸುಪಾಸಿನಲ್ಲೇ ಜಾಸ್ತಿ. ಗುಂಪಿನಲ್ಲಿ ಹಾಗೆ ಹೋಗುವುದಕ್ಕೆ ಬೇರೆ ಹೆಣ್ಣುಗಳ ಬೈಗುಳ, ಕಚ್ಚಾಟದ ಬೆಲೆ ತೆರಬೇಕು. ಅಷ್ಟು ಬೆಲೆ ತೆರುವಷ್ಟು ಬಯಕೆ ಇದ್ದಾಗ ಮಾತ್ರ ಹೋಗುತ್ತವೆ.

ಒಂದು ಅಣುವಿಗೆ ಇಡೀ ವರ್ತನೆಯನ್ನು ಕಟ್ಟಿಹಾಕಬಾರದು ಎನ್ನಲು ಇನ್ನೊಂದು ಉದಾಹರಣೆ ಪ್ರೈರಿ ವೋಲ್ ಎಂಬ ದಂಶಕ. ಜೋಡಿ ಕಟ್ಟಿಕೊಂಡು ಬಾಳುವ ಇವುಗಳ ನಂಟಿಗೆ ಆಕ್ಸಿಟೋಸಿನ್ನೇ ಕಾರಣ ಎಂದು ‘ಪ್ರೀತಿಯ ಹಾರ್ಮೋನು’ ಹೆಸರು ಊರೆಲ್ಲ ಹಬ್ಬಿತ್ತು. 2023ರಲ್ಲಿ ಜೀನ್ ತಿದ್ದಿ ಆಕ್ಸಿಟೋಸಿನ್ ಗ್ರಾಹಕವೇ ಇಲ್ಲದ ವೋಲ್‌ಗಳನ್ನು ತಯಾರಿಸಿದರು. ಅವೂ ಜೋಡಿ ಕಟ್ಟಿಕೊಂಡವು.

ಮಹಿಳೆಯರ ಬಯಕೆಯ ಕೊರತೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ ಬ್ರೆಮೆಲನೊಟೈಡ್ ಎಂಬ ಚುಚ್ಚುಮದ್ದಿನ ಕಥೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. 2004ರಲ್ಲಿ ಜೇಮ್ಸ್ ಫಾಸ್ ಮತ್ತು ಜತೆಗಾರರು ಇದನ್ನು ಹೆಣ್ಣಿಲಿಗಳಿಗೆ ಕೊಟ್ಟಾಗ ಲಾರ್ಡೋಸಿಸ್ ಹೆಚ್ಚಲಿಲ್ಲ. ಹಳೆಯ ಲೆಕ್ಕದಲ್ಲಾದರೆ ಔಷಧ ಅಲ್ಲಿಗೇ ಕಸದ ಬುಟ್ಟಿಗೆ. ಆದರೆ ಹೆಣ್ಣು ತಾನಾಗಿ ಗಂಡಿನ ಹತ್ತಿರ ಹೋಗಿ ಕೆಣಕುವುದನ್ನೂ ಅವರು ಎಣಿಸಿದ್ದರು, ಅದು ಹೆಚ್ಚಾಗಿತ್ತು. ಮಹಿಳೆಯರಲ್ಲಿ ಫಲ ಅಷ್ಟು ಜೋರಾಗಿರಲಿಲ್ಲ. ಬಯಕೆಯ ಅಂಕ ಸ್ವಲ್ಪ ಏರಿತು, ತೃಪ್ತಿ ಕೊಟ್ಟ ಸಮಾಗಮಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಯಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಸುಮಾರು 40 ಪ್ರತಿಶತ ಮಂದಿಗೆ ವಾಕರಿಕೆ ಬಂತು. ಮನೆಯ ಕೆಲಸ, ಸುಸ್ತು, ಗಂಡನ ಜತೆಗಿನ ಮುನಿಸು ಇವು ಯಾವುವೂ ಇಲಿಯ ಪೆಟ್ಟಿಗೆಯಲ್ಲಿ ಇರಲಿಲ್ಲ, ಔಷಧವು ಅವನ್ನು ಮುಟ್ಟುವುದೂ ಇಲ್ಲ.